ಭಾರಿ ಲಾರಿ ಎಷ್ಟು, ಹಗುರ ಲಾರಿ ಎಷ್ಟು: ಸೇನಾ ವಾಹನಗಳ ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ನಾನು ಗಣಿತದ ಸ್ನಾತಕೋತ್ತರ ವಿದ್ಯಾರ್ಥಿನಿ. ನನ್ನ ಅಭ್ಯಾಸದ ಲೆಕ್ಕದಲ್ಲಿ ಸೇನಾ ತುಕಡಿಯೊಂದು 46 ಟನ್ ಸಾಮಗ್ರಿಯನ್ನು ಒಂದೇ ಸರದಿಯಲ್ಲಿ ಸಾಗಿಸಬೇಕಿದೆ. ಭಾರಿ ಲಾರಿ 10 ಟನ್ ಹೊರುತ್ತದೆ, ವೆಚ್ಚ 9 ಘಟಕ. ಹಗುರ ಲಾರಿ 4 ಟನ್, ವೆಚ್ಚ 4 ಘಟಕ. ನಿರ್ಬಂಧಗಳೊಳಗೆ ಕನಿಷ್ಠ ವೆಚ್ಚವನ್ನು ಹುಡುಕುವ ಗಣಿತ ವಿಧಾನವಾದ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ 4.6 ಭಾರಿ ಲಾರಿ ಎಂದು ಬರುತ್ತಿದೆ. ಅದನ್ನು 5 ಎಂದು ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. 5 ಭಾರಿ ಲಾರಿಗೆ 45 ಘಟಕ ಬೇಕು. 3 ಭಾರಿ ಮತ್ತು 4 ಹಗುರ ಲಾರಿಗಳು ಅದೇ 46 ಟನ್ನನ್ನು 43 ಘಟಕದಲ್ಲಿ ಹೊರುತ್ತವೆ. ಅರ್ಧ ಲಾರಿ ಕೊಳ್ಳಲಾಗದು ಎಂಬುದನ್ನು ಕೊನೆಯಲ್ಲಿ ನೆನಪಿಸಿಕೊಳ್ಳದೆ ಆರಂಭದಲ್ಲಿಯೇ ಪೂರ್ಣಾಂಕದ ನಿರ್ಬಂಧವಾಗಿ ಹಾಕಬೇಕು. ಅದಕ್ಕಾಗಿಯೇ 1960ರಲ್ಲಿ ಸಂಶೋಧಕರಾದ ಲ್ಯಾಂಡ್ ಮತ್ತು ಡಾಯ್ಗ್ ಅವರು ಲೆಕ್ಕವನ್ನು ಶಾಖೆಗಳಾಗಿ ಒಡೆದು ಪೂರ್ಣಾಂಕದ ಉತ್ತರ ಹುಡುಕುವ ವಿಧಾನವನ್ನು ಪ್ರಕಟಿಸಿದರು.

ಮರುಪ್ರಶ್ನೆ: ಧನ್ಯವಾದಗಳು ಸರ್. ದಾರಿಯಲ್ಲಿ ಭಾರಿ ಲಾರಿ ದಾಟಲಾಗದ ಸೇತುವೆಯೊಂದಿದ್ದು, 20 ಟನ್ ಅದರ ಆಚೆಗೆ ಹೋಗಬೇಕಾದರೆ? ಹಗುರ ಲಾರಿಗೆ ಹೆಚ್ಚು ಅಂಕ ಕೊಟ್ಟು, ಒಟ್ಟು ಅಂಕವನ್ನೇ ಗರಿಷ್ಠಗೊಳಿಸಲೇ?

ಉತ್ತರ: ಅಂಕ ಕೊಡುವ ಪದ್ಧತಿ ಸಭೆಗಳಲ್ಲಿ ಜನಪ್ರಿಯ, ಆದರೆ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಸಾಮರ್ಥ್ಯ ಮುಚ್ಚಿಹಾಕುವುದರಿಂದ ನನಗೆ ಅದರಲ್ಲಿ ನಂಬಿಕೆಯಿಲ್ಲ, ಸೇತುವೆ ದಾಟಲಾಗದ ಲಾರಿ ಎಷ್ಟೇ ಹೊರಲಿ, ಆಚೆಗಿರುವವರಿಗೆ ಅದರಿಂದ ಪ್ರಯೋಜನವಿಲ್ಲ. ಹಗುರ ಲಾರಿ ಕನಿಷ್ಠ 5 ಇರಬೇಕೆಂದು ನಿರ್ಬಂಧ ಹಾಕಿ ಬಿಡಿಸಿ. 9 ಹಗುರ, 1 ಭಾರಿ, 45 ಘಟಕ ಎಂದು ಬರುತ್ತದೆ. ವೆಚ್ಚ 2 ಘಟಕವಷ್ಟೇ ಏರಿದರೂ ಮಿಶ್ರಣ ತಲೆಕೆಳಗಾಯಿತು. ಒಂದೇ ಸಮಯದಲ್ಲಿ ಬಾರದ ಕಾರ್ಯಾಚರಣೆಗಳಿದ್ದರೆ ಅವುಗಳ ಅಗತ್ಯಗಳನ್ನು ಕೂಡಿಸದೆ, ಪ್ರತಿಯೊಂದಕ್ಕೂ ಹೀಗೆಯೇ ಪ್ರತ್ಯೇಕ ನಿರ್ಬಂಧ ಬರೆಯಬೇಕು.

ಇನ್ನೂ ಒಂದು ತೊಡಕಿದೆ. ಈ ಎರಡೂ ಉತ್ತರಗಳು ಸರಿಯಾಗಿ 46 ಟನ್ನಿಗೇ ನಿಲ್ಲುತ್ತವೆ, ಅಂದರೆ ಒಂದೇ ಲಾರಿ ದುರಸ್ತಿಗೆ ಹೋದರೂ ಕೆಲಸ ಕೆಡುತ್ತದೆ. ಪ್ರತಿ ಲಾರಿ ಓಡುವ ಸ್ಥಿತಿಯಲ್ಲಿರುವ ಸಂಭವ ಇತರ ಲಾರಿಗಳನ್ನು ಅವಲಂಬಿಸದೆ ಶೇ. 80 ಎಂದುಕೊಂಡರೆ, ಮೊದಲ ಉತ್ತರದ 7 ಲಾರಿಗಳೂ ಒಟ್ಟಿಗೆ ಸಿದ್ಧವಿರುವ ಸಂಭವ ಸುಮಾರು ಶೇ. 21, ಎರಡನೆಯದರ 10 ಲಾರಿಗಳದ್ದು ಶೇ. 11 ಮಾತ್ರ. ಆದ್ದರಿಂದ ಕನಿಷ್ಠ ವೆಚ್ಚದ ಒಂದೇ ಉತ್ತರವನ್ನು ಹಿಡಿದುಕೊಳ್ಳದೆ, ಕೆಲಸ ಪೂರೈಸುವ ಸಂಭವವನ್ನು ಹಂತಹಂತವಾಗಿ ಏರಿಸುತ್ತ ಪ್ರತಿ ಹಂತಕ್ಕೂ ಲೆಕ್ಕವನ್ನು ಮತ್ತೆ ಬಿಡಿಸಿ, ವೆಚ್ಚ ಎಲ್ಲಿಂದ ಕಡಿದಾಗಿ ಏರತೊಡಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ.