ದುರ್ಗದಲ್ಲಿ ಶೇಲ್ ಗ್ಯಾಸ್ ಇದೆಯಾ? ಮೇಡಂಗೆ ಕೇಳಿ

ಅಡ್ಮಿನ್: "ದುರ್ಗದಲ್ಲಿ ಶೇಲ್ ಗ್ಯಾಸ್ ಸಿಕ್ಕಿದೆ, ಜಮೀನು ಹೋಗುತ್ತೆ" ಅನ್ನುವ ಫಾರ್ವರ್ಡ್ ಎಲ್ಲರಿಗೂ ಬಂದಿದೆ. ಗ್ಯಾಸ್ ಬಾವಿ ಕೊರೆಯುವ ಕೆಲಸದಲ್ಲಿರುವ ಭೂವಿಜ್ಞಾನಿ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಅವರೂ ಚಳ್ಳಕೆರೆ ಕಡೆಯವರೇ. ಕೇಳಿ.

ರುದ್ರೇಶ್, ಹೊಳಲ್ಕೆರೆ: ಮೇಡಂ, ನೇರ ಪ್ರಶ್ನೆ. ನಮ್ಮ ಅಡಿಕೆ ತೋಟದ ಕೆಳಗೆ ಗ್ಯಾಸ್ ಇದೆಯಾ ಇಲ್ವಾ?

ಮೇಡಂ: ಇಲ್ಲ. ಶೇಲ್ ಅಂದ್ರೆ ಕೆಸರು ಗಟ್ಟಿಯಾಗಿ ಆದ ಪದರಗಲ್ಲು, ಅದರೊಳಗೆ ಸಿಕ್ಕಿಕೊಂಡ ಗ್ಯಾಸೇ ಶೇಲ್ ಗ್ಯಾಸ್. ಅದು ಆಗಬೇಕಂದ್ರೆ ಹಳೆಯ ಸಮುದ್ರದ ಅಥವಾ ಸರೋವರದ ತಳದ ಕೆಸರು ಬೇಕು, ಅದರಲ್ಲಿ ಸತ್ತ ಜೀವಿಗಳು ಸೇರಿರಬೇಕು, ಆಮೇಲೆ ಆಳದಲ್ಲಿ ಹದವಾಗಿ ಬೇಯಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಾರ್ಸೆಲಸ್ ಪದರ ಹಾಗೆ ಆದದ್ದು, ವಯಸ್ಸು ಸುಮಾರು 39 ಕೋಟಿ ವರ್ಷ. ನಮ್ಮ ದುರ್ಗದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಬೆಂದು ಮಡಚಿಕೊಂಡು ಸೀದೇ ಹೋಗಿದೆ. ಭಾರತದಲ್ಲಿ ಹುಡುಕಿದ್ದು ಖಂಭಾತ್, ಕೃಷ್ಣಾ-ಗೋದಾವರಿ, ಕಾವೇರಿ, ದಾಮೋದರ ಕಣಿವೆ ಕಡೆ. 2011ರ ಜನವರಿಯಲ್ಲಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಗೆ ಶೇಲ್ ಗ್ಯಾಸ್ ಸಿಕ್ಕಿದ್ದು ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ. ಫಾರ್ವರ್ಡ್ ಬರೆದ ಪುಣ್ಯಾತ್ಮ ಅದನ್ನೇ ದುರ್ಗ ಮಾಡಿರಬೇಕು.

ಮಂಜುಳಾ, ದಾವಣಗೆರೆ: ಹಾಗಾದ್ರೆ ನಮ್ಮ ಹೊಲದ ಪಕ್ಕ ಹೋಗಿರೋ ಗ್ಯಾಸ್ ಪೈಪ್ ಯಾವುದು? ಅದರ ಮೇಲೆ ತೆಂಗು ಹಾಕಬಾರದು ಅಂತಾರೆ. ಪರಿಹಾರ ಮತ್ತೆ ಕೇಳಬಹುದಾ?

ಮೇಡಂ: ಅದು ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ಹೋಗೋ ಲೈನ್. ಇಲ್ಲಿಂದ ಗ್ಯಾಸ್ ತೆಗೆಯಲ್ಲ, ಬರೀ ಹಾದುಹೋಗುತ್ತೆ. ಜಮೀನು ನಿಮ್ಮದೇ. ಆದರೆ 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಪೈಪ್ ಹೋಗಿರೋ ಆ ಪಟ್ಟಿ ಜಾಗದಲ್ಲಿ ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ.

ಓಬಣ್ಣ, ಮೊಳಕಾಲ್ಮೂರು: ಬತ್ತಿದ ಬೋರಿಗೆ ಪ್ರೆಶರ್‌ನಲ್ಲಿ ನೀರು ನುಗ್ಗಿಸಿ ಕಲ್ಲು ಬಿರುಕು ಬಿಡಿಸ್ತಾರಲ್ಲ, ಶೇಲ್ ಗ್ಯಾಸ್ ತೆಗೆಯೋದೂ ಹಾಗೇನಾ?

ಮೇಡಂ: ಒಳ್ಳೆ ಪ್ರಶ್ನೆ. ತತ್ವ ಒಂದೇ, ಗಾತ್ರ ಬೇರೆ. ನಮ್ಮ ಬೋರಿಗೆ ಬರೀ ನೀರು, ಅದೂ ಕೆಲವು ನೂರು ಅಡಿಯಲ್ಲಿ. ಮಾರ್ಸೆಲಸ್‌ನಲ್ಲಿ ಒಂದೂವರೆ ಎರಡು ಕಿಲೋಮೀಟರ್ ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ ಮತ್ತೆ ಅಷ್ಟೇ ದೂರ ಕೊರೀತಾರೆ. ನೀರಿನ ಜೊತೆ ಮರಳು, ರಾಸಾಯನಿಕ ಸೇರಿಸಿ ಒತ್ತುತ್ತಾರೆ. ಬಿರುಕು ಮುಚ್ಚಿಕೊಳ್ಳದಂತೆ ತಡೆಯೋದು ಮರಳು. ಒಂದು ಬಾವಿಗೆ ಒಂದೂವರೆ ಕೋಟಿ ಲೀಟರ್ ನೀರು ಸಲೀಸಾಗಿ ಬೇಕು. 10,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 1,500 ಲೋಡ್.

ರುದ್ರೇಶ್: 1,500 ಲೋಡ್! ಇಲ್ಲಿ ಭದ್ರಾ ಮೇಲ್ದಂಡೆ ಯೋಜನೆ ನೀರಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೀವಿ. ದಾವಣಗೆರೆಯವರು ಅದೇ ಭದ್ರಾ ನಾಲೆ ನೀರಲ್ಲಿ ಎರಡು ಬೆಳೆ ಭತ್ತ ಬೆಳೀತಾರೆ.

ಶಿವಯೋಗಿ, ಮಲೇಬೆನ್ನೂರು: ಬೆಳೀತೀವಿ, ಏನೀಗ? ಕೊನೆ ಭಾಗದ ನಮ್ಮ ಗದ್ದೆಗೆ ನೀರು ತಲುಪೋದೇ ಕಷ್ಟ. ಒಂದು ಸಲ ಬಂದು ನಾಲೆ ನೋಡ್ರೀ.

ರುದ್ರೇಶ್: ನೀವು ಬಂದು ನಮ್ಮ ಫ್ಲೋರೈಡ್ ನೀರು ಕುಡೀರಿ.

ಶಿವಯೋಗಿ: ನೀರಿಲ್ಲದ ಕಡೆ ಅಡಿಕೆ ಹಾಕು ಅಂತ ಯಾರು ಹೇಳಿದ್ರು?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ನಾಗರಾಜ್, ಹೊಸದುರ್ಗ: ಮೇಡಂ ನಮ್ಮ ಹೊಸದುರ್ಗದಲ್ಲಿ ಗ್ಯಾಸ್ ಇದೆಯಾ?

ಮೇಡಂ: ಇಲ್ಲ. ಮೇಲೆ ಬರೆದಿದ್ದೀನಿ.

ಗೌರಮ್ಮ ಟೀಚರ್: ಫಾರ್ವರ್ಡ್ ಬಂದಿದೆ. "ಗ್ಯಾಸ್ ಸೇರಿದ ನೀರಿಗೆ ಸ್ಫಟಿಕ ಹಾಕಿ ಅರ್ಧಕ್ಕೆ ಇಳಿಯೋವರೆಗೆ ಕುದಿಸಿದ್ರೆ ಗ್ಯಾಸ್, ಫ್ಲೋರೈಡ್ ಎರಡೂ ಹೋಗುತ್ತೆ."

ಮೇಡಂ: ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ. ನೀರು ಅರ್ಧಕ್ಕೆ ಇಳಿದ್ರೆ ಉಳಿದ ನೀರಿನಲ್ಲಿ ಅದು ಇನ್ನೂ ಜಾಸ್ತಿ ಆಗುತ್ತೆ. ಟೀಚರ್ ಆಗಿ ಇದನ್ನ ಹಂಚ್ತೀರಲ್ಲ ಮೇಡಂ.

ತಿಪ್ಪೇಸ್ವಾಮಿ, ಜಗಳೂರು: ಮೇಡಂ ನಮ್ಮ ಹಳೇ ತೆರೆದ ಬಾವಿ, ಐವತ್ತು ಅಡಿ. ತಳದಲ್ಲಿ ಬೋರ್ ಇದೆ. ಮಳೆ ಆದಮೇಲೆ ಸ್ವಲ್ಪ ನೀರು ನಿಂತಿದೆ, ಗುಳ್ಳೆ ಬರುತ್ತೆ, ಕೊಳೆತ ಮೊಟ್ಟೆ ವಾಸನೆ. ಕಡ್ಡಿ ಗೀರಿ ಹಾಕಿದೆ, ಹತ್ತಿಕೊಳ್ಳಲಿಲ್ಲ. ಪೈಪ್ ತುಂಡಾಗಿ ಮೋಟಾರ್ ಕೆಳಗೆ ಕೂತಿದೆ. ನಾಳೆ ಇಬ್ಬರನ್ನ ಇಳಿಸ್ತೀನಿ. ಈ ಗ್ಯಾಸ್ ಕಂಪನಿಗೆ ಮಾರಬಹುದಾ?

ಮೇಡಂ: ತಿಪ್ಪೇಸ್ವಾಮಿಯವರೇ, ಮಾರೋ ಮಾತು ಬಿಡಿ. ನಾಳೆ ಯಾರನ್ನೂ ಇಳಿಸಬೇಡಿ. ಅದು ಶೇಲ್ ಗ್ಯಾಸ್ ಅಲ್ಲ. ಎಲೆ, ಕಸ ನೀರಿನಲ್ಲಿ ಕೊಳೆತು ಹುಟ್ಟೋ ಗ್ಯಾಸ್. ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು. ಅದು ಗಾಳಿಗಿಂತ ಭಾರ, ಬಾವಿ ತಳದಲ್ಲೇ ಕೂರುತ್ತೆ. ಜಾಸ್ತಿಯಾದ್ರೆ ಮೂಗು ಸತ್ತುಹೋಗುತ್ತೆ, ವಾಸನೆಯೇ ಗೊತ್ತಾಗಲ್ಲ, "ವಾಸನೆ ಹೋಯ್ತು" ಅಂತ ಇಳಿದವನು ಅಲ್ಲೇ ಕುಸೀತಾನೆ. ಅವನನ್ನ ಎತ್ತೋಕೆ ಇಳಿದ ಎರಡನೆಯವನೂ ಹೋಗ್ತಾನೆ. ಬಾವಿ ಸಾವುಗಳಲ್ಲಿ ಹೀಗೇ ಆಗೋದು. ಕಡ್ಡಿ ಗೀರಿದ್ದು ಇನ್ನೊಂದು ಹುಚ್ಚು ಕೆಲಸ. ಕೊಳೆತಾಗ ಮೀಥೇನ್ ಅನ್ನೋ ಉರಿಯೋ ಗ್ಯಾಸೂ ಹುಟ್ಟುತ್ತೆ. ಅದು ಗಾಳಿಯಲ್ಲಿ ಶೇಕಡಾ 5ರಿಂದ 15 ಇದ್ರೆ ಸಿಡಿಯುತ್ತೆ, ಬಾವಿ ಬಾಯಿ ಹತ್ತಿರ ಹತ್ತಿಕೊಳ್ಳಲಿಲ್ಲ ಅಂದ್ರೆ ತಳದಲ್ಲಿ ಇಲ್ಲ ಅಂತಲ್ಲ. ಪೆನ್ಸಿಲ್ವೇನಿಯಾದ ಡಿಮಾಕ್‌ನಲ್ಲಿ ಗ್ಯಾಸ್ ಬಾವಿಯ ಕೇಸಿಂಗ್ (ಬಾವಿಗೆ ಇಳಿಸೋ ಹೊರಪೈಪ್), ಸಿಮೆಂಟ್ ಸರಿ ಇರಲಿಲ್ಲ, ಮೀಥೇನ್ ಜನರ ಕುಡಿಯೋ ನೀರಿನ ಬಾವಿಗಳಿಗೆ ಸೇರಿತು. 2009ರ ಹೊಸ ವರ್ಷದ ದಿನ ಒಂದು ಮನೆಯ ಬಾವಿ ಸ್ಫೋಟವಾಗಿ ಮೇಲಿನ ಕಾಂಕ್ರೀಟ್ ಹಲಗೆ ಒಡೆದುಹೋಯಿತು. ಡೀಸೆಲ್ ಪಂಪನ್ನೂ ಒಳಗೆ ಇಳಿಸಬೇಡಿ, ಅದರ ಹೊಗೆಯೇ ಕೊಲ್ಲುತ್ತೆ.

ನಾಗರಾಜ್: ಲಾಟೀನು ಇಳಿಸಿ, ಆರದಿದ್ರೆ ಇಳೀಬಹುದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಮೇಡಂ: ಲಾಟೀನು ಆಮ್ಲಜನಕ ಕಮ್ಮಿ ಇದೆ ಅಂತಷ್ಟೇ ಹೇಳುತ್ತೆ. ವಿಷದ ಗ್ಯಾಸ್ ಇದ್ರೂ ಆರಾಮಾಗಿ ಉರಿಯುತ್ತೆ. ಮೀಥೇನ್ ಇದ್ರೆ ನೀವೇ ಬೆಂಕಿ ಇಟ್ಟ ಹಾಗೆ. ಯಾರು ಬರೀತಾರೋ ಇದನ್ನೆಲ್ಲ.

ಶಿವಯೋಗಿ: ನಮ್ಮ ತಾತ ಬೇವಿನ ಕೊಂಬೆ ಇಳಿಬಿಟ್ಟು ಗಾಳಿ ಆಡಿಸಿ ಇಳೀತಿದ್ರು. ಏನೂ ಆಗ್ಲಿಲ್ಲ.

ಮೇಡಂ: ಅವರ ಅದೃಷ್ಟ. ನಾಳೆ ಇಳಿಯೋರು ನೀವಾ?

ರುದ್ರೇಶ್: ಅವರು ಇಳಿಯಲ್ಲ ಬಿಡಿ, ನಾಲೆ ನೀರೇ ಇದೆಯಲ್ಲ.

ಶಿವಯೋಗಿ: ನೋಡ್ರೀ ಅಡ್ಮಿನ್, ಮತ್ತೆ ಶುರು ಮಾಡಿದ.

ಇಮ್ರಾನ್, ಹಿರಿಯೂರು: ಮೇಡಂ, ಅಮೆರಿಕದಲ್ಲಿ ಇದರಿಂದ ಭೂಕಂಪ ಆಯ್ತಂತೆ?

ನಾಗರಾಜ್: ಹಿರಿಯೂರಿನಲ್ಲಿ ಗ್ಯಾಸ್ ಇದೆಯಾ ಮೇಡಂ?

ಮೇಡಂ: ನಾಗರಾಜ್, ಹಿರಿಯೂರಿನಲ್ಲೂ ಇಲ್ಲ, ಇಲ್ಲ, ಇಲ್ಲ. ತಿಪ್ಪೇಸ್ವಾಮಿಯವರೇ, ಓದಿದ್ರಾ? ಉತ್ತರ ಕೊಡಿ.

ಮಂಜುಳಾ: ಪರಿಹಾರದ ಬಗ್ಗೆ ಹೇಳಲೇ ಇಲ್ಲ ಮೇಡಂ.

ತಿಪ್ಪೇಸ್ವಾಮಿ: ಓದಿದೆ ಮೇಡಂ. ಭಯ ಆಯ್ತು. ಕೂಲಿಯವರಿಗೆ ಫೋನ್ ಮಾಡಿ ಬೇಡ ಅಂದೆ. ಮೇಲಿಂದಲೇ ಚೈನ್ ಪುಲ್ಲಿಯಲ್ಲಿ ಎತ್ತಬಹುದಾ?

ಮೇಡಂ: ಎತ್ತಬಹುದು. ಆದರೆ ಕೊಕ್ಕೆ ಸಿಗಿಸೋಕೆ ಅಂತಲೂ ಯಾರೂ ಇಳೀಬಾರದು. ದೊಡ್ಡ ಪಾತಾಳಗರಡಿ (ಹಗ್ಗಕ್ಕೆ ಕಟ್ಟಿ ಇಳಿಬಿಡೋ ಕೊಕ್ಕೆಗಳ ಗೊಂಚಲು) ಮಾಡಿಸಿ, ಮುರಿದ ಪೈಪಿಗೆ ಮೇಲಿಂದಲೇ ಸಿಕ್ಕಿಸಿ. ಬರಲಿಲ್ಲ ಅಂದ್ರೆ ಮೋಟಾರ್ ಅಲ್ಲೇ ಇರಲಿ.