‘ಓತೆಲ್ ದ ವಿಲ್’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪ್ಯಾರಿಸ್ಸಿನ ಹಳೆಯ ಕಟ್ಟಡಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತುಬಿಟ್ಟಿದೆ. ಫ್ರೆಂಚಿನಲ್ಲಿ ಅದು ‘ಓತೆಲ್ ದ ವಿಲ್’, ಅಂದರೆ ಊರಿನ ಆಡಳಿತದ ಕಚೇರಿ ಇರುವ ಕಟ್ಟಡ. ಮೊದಲ ಕರಡಿನಲ್ಲಿ ಸುಮ್ನೆ ‘ಹೋಟೆಲ್ ಡಿ ವಿಲ್ಲೆ’ ಎಂದು ಬರೆದಿದ್ದೆ. ಓದಿದ ತಂಗಿ, “ಇಷ್ಟು ದೊಡ್ಡ ಹೋಟೆಲಾ? ಅಲ್ಲಿ ಊಟ ಹೇಗಿರುತ್ತೆ?” ಎಂದು ಕೇಳಿದಳು. ಅವಳು ಕೇಳಿದ್ದು ಸರಿಯೇ. ನಮಗೆ ಹೋಟೆಲ್ ಅಂದರೆ ತಿಂಡಿ, ಕಾಫಿ. ಉಳಿಯುವುದಾದರೆ ಲಾಡ್ಜ್ ಅನ್ನುತ್ತೇವೆ, ಅಲ್ವಾ?

ಫ್ರೆಂಚರ ‘ಓತೆಲ್’ಗೆ ದೊಡ್ಡ ಮನೆ, ಶ್ರೀಮಂತರ ಬಂಗಲೆ ಎನ್ನುವ ಹಳೆಯ ಅರ್ಥವೂ ಇದೆ. ಅವರ ಹಳೆಯ ಆಸ್ಪತ್ರೆಗಳಿಗೆ ‘ಓತೆಲ್ ದ್ಯೂ’, ಅಂದರೆ ದೇವರ ಮನೆ ಎಂದು ಹೆಸರು. ಹಾಗೆ ನೋಡಿದರೆ ‘ಓತೆಲ್ ದ ವಿಲ್’ ಊರಿನ ದೊಡ್ಡಮನೆ. ಪ್ಯಾರಿಸ್ಸಿನದು ಶುರುವಾದದ್ದೂ ಒಂದು ಮನೆಯಿಂದಲೇ. 1357ರಲ್ಲಿ ವರ್ತಕರ ಮುಖಂಡ ಎತಿಯೆನ್ ಮಾರ್ಸೆಲ್, ಸೇನ್ ನದಿಯ ಹತ್ತಿರದ ‘ಕಂಬಗಳ ಮನೆ’ಯನ್ನು ಊರಿನ ಆಡಳಿತಕ್ಕೆಂದು ಕೊಂಡ. 1533ರಲ್ಲಿ ದೊರೆ ಒಂದನೇ ಫ್ರಾನ್ಸ್ವಾನ ಕಾಲದಲ್ಲಿ ಅದೇ ಜಾಗದಲ್ಲಿ ಹೊಸ ಕಟ್ಟಡದ ಕೆಲಸ ಹಿಡಿದರು. ನಕ್ಷೆ ಇಟಲಿಯ ದೊಮೆನಿಕೊ ದ ಕೊರ್ತೋನನದು. ಮುಗಿದದ್ದು 1628ರಲ್ಲಿ.

1871ರ ಮೇ 24ರಂದು, ಪ್ಯಾರಿಸ್ ಕಮ್ಯೂನಿನ (ಬಂಡೆದ್ದ ಜನ ಊರಿನಲ್ಲಿ ನಡೆಸಿದ ಆಡಳಿತದ) ಕೊನೆಯ ದಿನಗಳಲ್ಲಿ, ಕಮ್ಯೂನಿನವರೇ ಅದಕ್ಕೆ ಬೆಂಕಿ ಇಟ್ಟರು. ಪುಸ್ತಕ ಭಂಡಾರ, ಊರಿನ ಕಾಗದಪತ್ರ ಎಲ್ಲ ಸುಟ್ಟುಹೋದವು. ಬರೀ ಕಲ್ಲಿನ ಗೋಡೆ ಉಳಿಯಿತು. ಈಗ ಅಲ್ಲಿರುವುದು ಬಲ್ಯು ಮತ್ತು ದೆಪೆರ್ತ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಮತ್ತೆ ಕಟ್ಟಿಸಿದ್ದು, 1882ರಲ್ಲಿ ತೆರೆದದ್ದು. ಎದುರಿನ ಗೋಡೆಯಲ್ಲಿ ಹಳೆಯ ರೂಪವನ್ನೇ ಉಳಿಸಿಕೊಂಡು, ಒಳಗಡೆ ಎಲ್ಲ ಹೊಸದಾಗಿ ಮಾಡಿದರು. ಬೆಂಕಿಯಲ್ಲಿ ಹೋದದ್ದನ್ನು ಹಾಗೇ ನೆನಪಿಟ್ಟು ಕಟ್ಟಿದ್ದು ನನಗೆ ತುಂಬಾ ಹಿಡಿಸಿದೆ.

ಈಗ ಪದದ ವಿಷಯ. ‘ಪುರಭವನ’ ಕೂಡಲೇ ನೆನಪಾಗುತ್ತದೆ. ಆದರೆ ಬೆಂಗಳೂರಿನವರಿಗೆ ಪುರಭವನ ಎಂದರೆ 1935ರ ಟೌನ್‌ಹಾಲು: ನಾಟಕ, ಸನ್ಮಾನ, ಮೆಟ್ಟಿಲ ಮೇಲೆ ಹಿಂದೆ ನಡೆಯುತ್ತಿದ್ದ ಧರಣಿ. ಕಂದಾಯ ಕಟ್ಟಲು ಯಾರೂ ಅಲ್ಲಿಗೆ ಹೋಗುವುದಿಲ್ಲ. ‘ನಗರಸಭೆ’ ಎಂದರೆ ಜನ ಕೂಡಿದ ಸಂಸ್ಥೆ, ಕಟ್ಟಡವಲ್ಲ. ಅಲ್ಲದೆ ನಮ್ಮಲ್ಲಿ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂದು ಊರಿನ ಗಾತ್ರಕ್ಕೆ ತಕ್ಕ ಹೆಸರುಗಳಿವೆ. ‘ಪಾಲಿಕೆ ಕಚೇರಿ’ ಅರ್ಥಕ್ಕೆ ಸರಿ, ಆದರೆ ಸಾಲು ಸಾಲು ಪ್ರತಿಮೆಗಳಿರುವ ಆ ಕಟ್ಟಡದ ಠೀವಿ ಅದರಲ್ಲಿ ಬರುವುದಿಲ್ಲ. ನನ್ನ ಮನಸ್ಸು ‘ನಗರಸೌಧ’ದ ಕಡೆಗಿದೆ. ವಿಧಾನಸೌಧ ಗೊತ್ತಿರುವ ಓದುಗರಿಗೆ ‘ಸೌಧ’ ಎಂದ ಕೂಡಲೇ ಆಡಳಿತವೂ ಕಾಣುತ್ತದೆ, ಕಲ್ಲಿನ ಗತ್ತೂ ಕಾಣುತ್ತದೆ.

ಇನ್ನೊಂದು ಪದ ‘ಮೇರಿ’. ಇದು ಮೇಯರ್ ಕಚೇರಿ. ಸಣ್ಣ ಊರುಗಳಲ್ಲಿ ಇದೇ ಹೆಸರು ಜಾಸ್ತಿ. ಫ್ರಾನ್ಸಿನಲ್ಲಿ ಕಾನೂನಿನ ಪ್ರಕಾರ ಮದುವೆ ನಡೆಯುವುದೂ ಇಲ್ಲೇ. ಪುದುಚೇರಿಯ ಕಡಲ ದಂಡೆಯಲ್ಲಿ ಫ್ರೆಂಚರು ಕಟ್ಟಿದ ಪುರಾಡಳಿತದ ಕಟ್ಟಡಕ್ಕೆ ಇವತ್ತಿಗೂ ಮೇರಿ ಅನ್ನುತ್ತಾರೆ. 2014ರ ಮಳೆಗೆ ಅದು ಕುಸಿದಾಗ, ಹಳೆಯ ಮಾದರಿಯಲ್ಲೇ ಕಟ್ಟಿ 2021ರಲ್ಲಿ ತೆರೆದರು. ಹಾಗಾಗಿ ‘ಮೇರಿ’ಯನ್ನು ಹಾಗೇ ಉಳಿಸಿಕೊಳ್ಳುವ ಯೋಚನೆ ಇದೆ.

ಕೊನೆಗೆ ಒಂದು ಕಷ್ಟದ ಜಾಗ. ಕಟ್ಟಡದ ಮುಂದಿನ ಬಯಲಿಗೆ ಮೊದಲು ‘ಪ್ಲಾಸ್ ದ ಗ್ರೇವ್’ ಎಂದು ಹೆಸರಿತ್ತು. ‘ಗ್ರೇವ್’ ಎಂದರೆ ಮರಳು, ಸಣ್ಣ ಕಲ್ಲುಗಳ ದಡ. ದೋಣಿಗಳು ಅಲ್ಲಿ ಸರಕು ಇಳಿಸುತ್ತಿದ್ದವು, ಕೂಲಿ ಹುಡುಕುವವರು ಅಲ್ಲೇ ಬಂದು ನಿಲ್ಲುತ್ತಿದ್ದರು. ಫ್ರೆಂಚಿನಲ್ಲಿ ಮುಷ್ಕರಕ್ಕೆ ‘ಗ್ರೇವ್’ ಅನ್ನುವುದು ಈ ಬಯಲಿನಿಂದಲೇ. ದಡ ಮತ್ತು ಮುಷ್ಕರ ಎರಡನ್ನೂ ಹೊರುವ ಒಂದು ಕನ್ನಡ ಪದ ನನಗೆ ಹೊಳೆಯುತ್ತಿಲ್ಲ. ‘ಮರಳುದಂಡೆ ಬಯಲು’ ಎಂದು ಬರೆದು, ಮುಂದಿನ ಸಾಲಿನಲ್ಲಿ ವಿವರಿಸಿದರೆ ಸಾಕೇ?

‘ನಗರಸೌಧ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ಎಂದೂ ತಿಳಿಸಿ. ನಿಮ್ಮೂರಿನ ಹಿರಿಯರು ಮುನ್ಸಿಪಾಲಿಟಿ ಕಟ್ಟಡಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ಅದು ಇನ್ನೂ ಒಳ್ಳೆಯದು, ದಯವಿಟ್ಟು ಬರೆಯಿರಿ.