ಪ್ರಶ್ನೋತ್ತರ: ಡಿ ಅಂಡ್ ಡಿ ನಿಯಮ ಬಳಸಿ ನನ್ನ ಪುಸ್ತಕ ಮಾರಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಐದು ಜನ ಪ್ರತಿ ಭಾನುವಾರ ಜಯನಗರದಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಡುತ್ತೇವೆ, ದಾಳ ಉರುಳಿಸಿ ಪಾತ್ರಗಳಾಗಿ ಕಥೆ ಕಟ್ಟುವ ಆಟ. ಆಟ ನಡೆಸುವವನು ನಾನು. ನನ್ನ ಅಜ್ಜನ ಊರು ಆಗುಂಬೆ ಕಡೆ. ಅಲ್ಲಿನ ಮಳೆ, ಕಾಡು, ದೆವ್ವದ ಕಥೆ ಎಲ್ಲ ಸೇರಿಸಿ ಈ ಆಟದಲ್ಲಿ ಆಡುವಂಥ 60 ಪುಟದ ಒಂದು ಸಾಹಸ ಕಥೆ ಬರೆದಿದ್ದೇನೆ, ಕನ್ನಡದಲ್ಲೇ. ಪ್ರಿಂಟ್ ಹಾಕಿಸಿ ಮಾರುವ ಆಸೆ. ಕಥೆ ನನ್ನದು, ನಿಯಮ ಮಾತ್ರ ಡಿ ಅಂಡ್ ಡಿಯದು. 2023ರಲ್ಲಿ ಲೈಸೆನ್ಸ್ ಗಲಾಟೆ ಆಯಿತಲ್ಲ, ಅದನ್ನು ಓದಿದ ಮೇಲೆ ಕೈಕಾಲು ಆಡುತ್ತಿಲ್ಲ. ನಾಳೆ ಕಂಪನಿಯವರು ಕೊಟ್ಟಿದ್ದನ್ನು ವಾಪಸ್ ತಗೊಂಡರೆ? ಯಾರು ಬೇಕಾದರೂ ನಿಯಮ ಬಳಸಬಹುದು ಅನ್ನುವ ಈ ಓಪನ್ ಲೈಸೆನ್ಸ್‌ಗಳನ್ನು ನಂಬಬಹುದಾ?

ಉತ್ತರ (ಪ್ರಕಾಶಕರಿಗೆ ಕಾಪಿರೈಟ್ ಕರಾರು ಬರೆದುಕೊಡುವ ವಕೀಲೆ): ಧೈರ್ಯವಾಗಿ ಪ್ರಿಂಟ್ ಹಾಕಿಸಿ. ಆದರೆ ಯಾವ ಕಾಗದದ ಮೇಲೆ ನಿಂತಿದ್ದೀರಿ ಅನ್ನೋದು ಮೊದಲು ಗೊತ್ತಿರಲಿ.

ಹಳೆಯ ಕಾಗದ 2000ನೇ ಇಸವಿಯದು, ಓಪನ್ ಗೇಮ್ ಲೈಸೆನ್ಸ್ ಅಂತ. ಡಿ ಅಂಡ್ ಡಿ ತರುವ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಟ್ಟದ್ದು. ಅದರಲ್ಲಿ ‘ಪರ್ಪೆಚುಯಲ್’ (ಶಾಶ್ವತ) ಅನ್ನುವ ಮಾತಿತ್ತು, ‘ಇರ‍್ರೆವೊಕಬಲ್’ (ವಾಪಸ್ ಪಡೆಯಲಾಗದ) ಅನ್ನುವ ಮಾತು ಇರಲಿಲ್ಲ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಮನೆ ಮಾಲೀಕರು ‘ಎಷ್ಟು ದಿನ ಬೇಕಾದರೂ ಇರಿ’ ಅಂದಿದ್ದಾರೆ, ‘ಯಾವತ್ತೂ ಬಿಡಿಸಲ್ಲ’ ಅಂದಿಲ್ಲ. ಅಷ್ಟು ವ್ಯತ್ಯಾಸ. ಸಾಲದ್ದಕ್ಕೆ 9ನೇ ಕಲಂನಲ್ಲಿ ಲೈಸೆನ್ಸಿನ ‘ಆಥರೈಸ್ಡ್’ (ಒಪ್ಪಿಗೆ ಇರುವ) ಆವೃತ್ತಿ ಯಾವುದನ್ನಾದರೂ ಬಳಸಬಹುದು ಅಂತ ಇತ್ತು. ಕಂಪನಿ ಹಿಡಿದದ್ದು ಆ ಒಂದು ಪದವನ್ನು. ಹಳೆಯ ಆವೃತ್ತಿಗೆ ಇನ್ನು ನಮ್ಮ ಒಪ್ಪಿಗೆ ಇಲ್ಲ ಅಂದರೆ ಮುಗಿಯಿತು ಅನ್ನುವ ಲೆಕ್ಕ.

2023ರ ಜನವರಿ 5ಕ್ಕೆ ಲೈಸೆನ್ಸಿನ ಹೊಸ ಕರಡು ಸೋರಿಕೆಯಾಗಿ ಸುದ್ದಿಗೆ ಬಂತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ದಾಟಿದ ವಹಿವಾಟಿನಲ್ಲಿ ಶೇ. 25 ಪಾಲು ಕೊಡಬೇಕು ಅಂತ ಅದರಲ್ಲಿತ್ತು. ಎಲ್ಲರೂ ಕೂಗಾಡಿದ್ದು ಅದಕ್ಕೇ. ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ಕಡೆ. ನೀವು ಬರೆದದ್ದನ್ನು ಅವರು ಬಳಸುವ ಹಕ್ಕು ‘ಇರ‍್ರೆವೊಕಬಲ್’. ನಿಮ್ಮ ಹಕ್ಕನ್ನು ಮಾತ್ರ 30 ದಿನದ ನೋಟಿಸ್ ಕೊಟ್ಟು ರದ್ದು ಮಾಡಬಹುದು! ಆ ಪದ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ನೋಡಿ.

ಆಟಗಾರರು ಬಿಡಲಿಲ್ಲ. ಜನವರಿ 27ಕ್ಕೆ ಕಂಪನಿ ಕೈಚೆಲ್ಲಿತು. ಹಳೆಯ ಲೈಸೆನ್ಸನ್ನು ಮುಟ್ಟಲ್ಲ ಅಂದಿತು. ಮೂಲ ನಿಯಮಗಳ ಕಡತ ಎಸ್‌ಆರ್‌ಡಿ 5.1 ಅನ್ನು ಪೂರ್ತಿಯಾಗಿ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತು, ಅಂದರೆ ಮೂಲದವರ ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು. ಅದರಲ್ಲಿ ‘ಇರ‍್ರೆವೊಕಬಲ್’ ಅಂತ ಅಚ್ಚಾಗಿದೆ. ಆ ಲೈಸೆನ್ಸನ್ನು ಬರೆದದ್ದೂ ಆಟದ ಕಂಪನಿಯಲ್ಲ, ಹಾಗಾಗಿ ತಿದ್ದೋಕೆ ಅವರ ಕೈಯಲ್ಲಾಗಲ್ಲ.

ನೀವು ನಿಲ್ಲಬೇಕಾದದ್ದು ಈ ಕಾಗದದ ಮೇಲೆ. 2014ರ ನಿಯಮದ ಪುಸ್ತಕ ಇಟ್ಟುಕೊಂಡು ಆಡುತ್ತಿದ್ದರೆ ಎಸ್‌ಆರ್‌ಡಿ 5.1, 2024ರದಾದರೆ 2025ರಲ್ಲಿ ಬಂದ 5.2. ಹೇಗೆ ಹೆಸರು ಹಾಕಬೇಕು ಅನ್ನುವ ವಾಕ್ಯ ಕಡತದ ಶುರುವಿನಲ್ಲೇ ಇದೆ. ಅದನ್ನು ಇಂಗ್ಲಿಷ್‌ನಲ್ಲಿ ಇದ್ದ ಹಾಗೇ ಹಾಕಿ, ಕೆಳಗೆ ‘ಕನ್ನಡಕ್ಕೆ ತಂದು ಬದಲಾವಣೆ ಮಾಡಲಾಗಿದೆ’ ಅಂತ ಸೇರಿಸಿ. ಮರೆತರೂ ಗಾಬರಿ ಬೇಡ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ವಾಪಸ್ ಬರುತ್ತದೆ.

ಇನ್ನೊಬ್ಬ ಸದಸ್ಯರು: ಆಟದ ನಿಯಮಕ್ಕೆ ಕಾಪಿರೈಟೇ ಇಲ್ಲ ಅಂತಾರಲ್ಲ ಮೇಡಂ? ಹಾಗಿದ್ದರೆ ಸುಮ್ನೆ ಲೈಸೆನ್ಸ್ ಯಾಕೆ?

ಉತ್ತರ: ನಿಮ್ಮ ಮಾತು ಬಹುಪಾಲು ಸರಿ ಸರ್. ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದದ್ದಕ್ಕೆ ಒಂದು ಸಂಖ್ಯೆ ಕೂಡಿಸುವುದು ಯಾರಪ್ಪನ ಆಸ್ತಿಯೂ ಅಲ್ಲ. ಅಮೆರಿಕದಲ್ಲಿ ಇದರ ಬೇರು 1879ರ ಬೇಕರ್ ವರ್ಸಸ್ ಸೆಲ್ಡನ್ ತೀರ್ಪಿನಲ್ಲಿದೆ. ಅದು ಲೆಕ್ಕ ಬರೆಯುವ ಪದ್ಧತಿಯ ಜಗಳ! ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಅಂದಿದೆ. ಆದರೆ ಒಂದು ಮಂತ್ರದ ವಿವರಣೆಯಲ್ಲಿ ನಿಯಮ ಎಲ್ಲಿಗೆ ಮುಗಿದು ಬರವಣಿಗೆ ಎಲ್ಲಿಂದ ಶುರು? ಅದನ್ನು ಕೋರ್ಟಿನಲ್ಲಿ ನಿಂತು ತೀರ್ಮಾನಿಸಿಕೊಳ್ಳುವಷ್ಟು ದುಡ್ಡು 60 ಪುಟದ ಪುಸ್ತಕದಿಂದ ಹುಟ್ಟಲ್ಲ. ಲೈಸೆನ್ಸ್ ಇದ್ದರೆ ರಾತ್ರಿ ನಿದ್ದೆ ಬರುತ್ತದೆ.

ಮತ್ತೊಬ್ಬರು: ನಾವು ಡಿ ಅಂಡ್ ಡಿ ಥರದ ಇನ್ನೊಂದು ಆಟ, ಪಾತ್‌ಫೈಂಡರ್ ಆಡುವವರು. ಓರ್ಕ್ ಲೈಸೆನ್ಸ್ ಹೇಗೆ?

ಉತ್ತರ: ಒಳ್ಳೆಯದೇ. ಗಲಾಟೆ ನಡೆಯುತ್ತಿರುವಾಗಲೇ ಪಾತ್‌ಫೈಂಡರ್ ತರುವ ಪೈಜೊ ಕಂಪನಿ ಘೋಷಿಸಿ, 2023ರ ಜೂನ್ ಕೊನೆಗೆ ಅಂತಿಮ ರೂಪ ಕೊಟ್ಟ ಲೈಸೆನ್ಸ್ ಅದು. ಇದೂ ವಾಪಸ್ ಪಡೆಯುವ ಹಾಗಿಲ್ಲದ್ದು. ಒಂದು ಷರತ್ತು ನೆನಪಿರಲಿ: ಓರ್ಕ್ ಅಡಿ ನೀವು ಹೊಸ ನಿಯಮ ಸೇರಿಸಿದರೆ ಅದೂ ಎಲ್ಲರಿಗೂ ಓಪನ್. ಕಥೆ, ಪಾತ್ರ, ಊರಿನ ಹೆಸರು ನಿಮ್ಮದೇ. ಸಿಸಿ ಬೈನಲ್ಲಿ ಏನನ್ನೂ ವಾಪಸ್ ಕೊಡಬೇಕಾಗಿಲ್ಲ. ಓರ್ಕ್‌ನಿಂದ ತಂದದ್ದಕ್ಕೆ ಸಿಸಿ ಬೈ ಚೀಟಿ ಅಂಟಿಸಬೇಡಿ. ಒಬ್ಬರು ಹಾಗೆ ಎರಡನ್ನೂ ಕಲಸಿಕೊಂಡು ನನ್ನ ಹತ್ತಿರ ಬಂದಿದ್ದರು. ಯಾವ ಸಾಲು ಎಲ್ಲಿಂದ ಬಂತು ಅಂತ ಹುಡುಕುವುದರಲ್ಲಿ ಒಂದು ವಾರ ಹೋಯಿತು.

ಹಳೆಯ ಲೈಸೆನ್ಸ್‌ನಿಂದ ಪೂರ್ತಿ ಬಿಡಿಸಿಕೊಳ್ಳೋಕೆ ಪೈಜೊ ತನ್ನ ಪುಸ್ತಕಗಳನ್ನೇ ತಿದ್ದಿ ಬರೆಯಿತು. ಮಂತ್ರಗಳ ಹೆಸರೂ ಬದಲಾಯಿತು: ‘ಮ್ಯಾಜಿಕ್ ಮಿಸೈಲ್’ ಹೋಗಿ ‘ಫೋರ್ಸ್ ಬರಾಜ್’ ಆಯಿತು, ‘ಬರ್ನಿಂಗ್ ಹ್ಯಾಂಡ್ಸ್’ ಹೋಗಿ ‘ಬ್ರೀದ್ ಫೈರ್’ ಆಯಿತು. ವರ್ಷಗಟ್ಟಲೆ ಬಾಯಲ್ಲಿದ್ದ ಹೆಸರು! ನಮ್ಮ ಟೇಬಲ್ಲಿನಲ್ಲಿ ಈಗಲೂ ಹಳೆಯದೇ ನಡೆಯುತ್ತದೆ.

ಮೊದಲು ಕೇಳಿದವರು: ಹಾಗಾದರೆ ಮುಂದೆ ಏನಾಗಬಹುದು?

ಉತ್ತರ: ನನ್ನ ಊಹೆ ಹೇಳುತ್ತೇನೆ. ಈಗ ಓಪನ್ ಆಗಿರುವುದು ಮುಚ್ಚುವುದಿಲ್ಲ. ಹೊಸದು ಅಷ್ಟು ಸಲೀಸಾಗಿ ತೆರೆಯುವುದೂ ಇಲ್ಲ. 2008ರಲ್ಲಿ ವಿಝರ್ಡ್ಸ್ ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿಗೆ ಬಿಗಿ ಲೈಸೆನ್ಸ್ ಹಾಕಿತು. ಪೈಜೊ ಹಳೆಯ ಓಪನ್ ನಿಯಮಗಳನ್ನೇ ಹಿಡಿದು 2009ರಲ್ಲಿ ಪಾತ್‌ಫೈಂಡರ್ ತಂದು ಎದುರಾಳಿಯಾಗಿ ನಿಂತಿತು. ಇದನ್ನು ಯಾವ ದೊಡ್ಡ ಕಂಪನಿಯೂ ಮರೆತಿಲ್ಲ. ಈಗ ಕೆಲವರು ತಮ್ಮದೇ ಲೈಸೆನ್ಸ್ ಬರೆದುಕೊಳ್ಳುತ್ತಿದ್ದಾರೆ. 2025ರಲ್ಲಿ ಬಂದ ಇನ್ನೊಂದು ಆಟ ಡ್ಯಾಗರ್‌ಹಾರ್ಟ್‌ಗೂ ಅದರ ಪ್ರಕಾಶಕರದೇ ಲೈಸೆನ್ಸ್ ಇದೆ. ಮೊದಲು ಊರಿಗೊಂದೇ ಬಾವಿ, ಈಗ ಮನೆಗೊಂದು ನಲ್ಲಿ. ನೀರಿಗೇನೂ ಬರವಿಲ್ಲ, ಆದರೆ ಪ್ರತಿ ಮನೆಯ ಗೇಟಿನ ಬೋರ್ಡ್ ಓದಿಯೇ ಕೊಡ ಇಡಬೇಕು. ನನ್ನಂಥ ವಕೀಲರಿಗೆ ಕೆಲಸ ಜಾಸ್ತಿ, ಬರೆಯುವವರಿಗೆ ತಲೆನೋವು.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು. ಎಸ್‌ಆರ್‌ಡಿ 5.1 ಅನ್ನು ಕಂಪನಿಯೇ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ಗೆ ತಂದಿದೆ. ಕನ್ನಡಕ್ಕೆ ನೀವು ತರೋಕೆ ಯಾರನ್ನೂ ಕೇಳಬೇಕಾಗಿಲ್ಲ. ಅಪಾಯದಿಂದ ಪಾರಾಗಲು ದಾಳ ಎಸೆಯುವ ‘ಸೇವಿಂಗ್ ಥ್ರೋ’ಗೆ ಒಳ್ಳೆಯ ಕನ್ನಡ ಪದ ಸಿಕ್ಕರೆ ನನಗೂ ತಿಳಿಸಿ.

ಮೊದಲು ಕೇಳಿದವರು: ನಾನು ‘ಪಾರಾಗುವ ಎಸೆತ’ ಅಂತ ಹಾಕಿದ್ದೇನೆ ಮೇಡಂ. ಒಂದು ಅನುಮಾನ. 41ನೇ ಪುಟದಲ್ಲಿ, ಸೋಮೇಶ್ವರ ಕಾಡಿನ ಗುಹೆಯೊಳಗೆ ಒಂದು ಬಿಹೋಲ್ಡರ್ ಇದೆ, ಡಿ ಅಂಡ್ ಡಿಯ ಒಂದು ರಾಕ್ಷಸ ಪ್ರಾಣಿ.

ಉತ್ತರ: ಅದನ್ನು ತೆಗೆಯಿರಿ. ಅದರ ವಿವರ ಎಸ್‌ಆರ್‌ಡಿಯಲ್ಲಿ ಕೊಟ್ಟಿಲ್ಲ, ಕಂಪನಿ ತನ್ನ ಹತ್ತಿರವೇ ಇಟ್ಟುಕೊಂಡಿದೆ. ಗೂಬೆಮುಖದ ಕರಡಿ ಔಲ್‌ಬೇರ್ ಬೇಕಾದರೆ ಹಾಕಿ, ಅದು ಪಟ್ಟಿಯಲ್ಲಿದೆ. ಅಜ್ಜ ಹೇಳಿದ ದೆವ್ವ ಯಾವುದಾದರೂ ಆ ಗುಹೆಗೆ ಹೊಂದುತ್ತದಾ ನೋಡಿ, ಅದಕ್ಕಂತೂ ಯಾವ ಲೈಸೆನ್ಸೂ ಬೇಡ.